ಒಂಬತ್ತು ಮೊಳದ ಮನೆ

"ಗುರುಗಳೇ, ಎಂಟು ಜನ ಸಾಧಕರಿಗೆ ಮೂರು ಕೋಣೆ ಎಲ್ಲಿ ಸಾಲುತ್ತದೆ?" ಎಂದು ಶಾಂತವೀರ ಕೇಳಿದ.

ಅವನ ಕೈಯಲ್ಲಿ ಹೊಸ ಮಠದ ನಕ್ಷೆಯಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ನಡುವೆ ಅಂಗಳ, ಸುತ್ತ ಪಡಸಾಲೆ. "ಈಗ ಒಬ್ಬರ ಕಾಲು ಇನ್ನೊಬ್ಬರಿಗೆ ತಗಲುತ್ತದೆ. ಒಬ್ಬರು ಜಪಕ್ಕೆ ಕೂತರೆ ಇನ್ನೊಬ್ಬರಿಗೆ ಓದಲಾಗುವುದಿಲ್ಲ. ಇಂಥ ಇಕ್ಕಟ್ಟಿನಲ್ಲಿ ಮನಸ್ಸು ಅರಳುವುದು ಹೇಗೆ? ತಾವು ಅಪ್ಪಣೆ ಕೊಟ್ಟರೆ ನಾಳೆಯೇ ಪಾಯ ತೋಡಿಸುತ್ತೇನೆ."

ಗುರುಗಳು ನಕ್ಷೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಗೆರೆಗಳು ಚೆನ್ನಾಗಿ ಬಂದಿವೆ ಎಂದರು. ಆಮೇಲೆ, "ಕೂತುಕೋ" ಎಂದು ಹೇಳಿ ಈ ಕತೆ ಶುರು ಮಾಡಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಬನವ್ವ ಎಂಬ ನೇಕಾರ ಹೆಂಗಸಿದ್ದಳು. ಅವಳ ಗಂಡ ರಾಚಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ನೆಲದಲ್ಲಿ ಒಂದು ಗುಂಡಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗ ಅದು. ಬನವ್ವ ನೂಲು ಸುತ್ತಿ, ಮಗ್ಗದ ಉದ್ದಕ್ಕೆ ಎಳೆಯುವ ಹಾಸು ಹೂಡಿ ಕೊಡುತ್ತಿದ್ದಳು. ಮನೆಯಲ್ಲಿ ಇನ್ನೊಬ್ಬರೆಂದರೆ ರಾಚಪ್ಪನ ತಾಯಿ.

ಬನವ್ವ ಏಳು ತಿಂಗಳ ಬಸುರಿಯಾಗಿದ್ದಾಗ, ಶ್ರಾವಣದಲ್ಲಿ, ಹೊಳೆ ಉಕ್ಕಿ ನೇಕಾರರ ಓಣಿಗೆ ನುಗ್ಗಿತು. ಜನ ಉಳಿದರು, ಮನೆಗಳು ಉಳಿಯಲಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಅವರ ಜಾಗದ ಮುಕ್ಕಾಲು ಪಾಲು ಕೊಚ್ಚಿಹೋಗಿ ಕಂದಕವಾಗಿತ್ತು. ಉಳಿದದ್ದು ಒಬ್ಬ ವ್ಯಾಪಾರಿಯ ಕಣಜದ ಗೋಡೆಗೆ ತಾಗಿದ ಒಂದು ಪಟ್ಟಿ. ಒಂಬತ್ತು ಮೊಳ ಉದ್ದ, ಐದು ಮೊಳ ಅಗಲ.

ಊರ ಗೌಡ ಓಣಿಯವರನ್ನೆಲ್ಲ ಸೇರಿಸಿ ಹೇಳಿದ: "ದೀಪಾವಳಿಯೊಳಗೆ ಮನೆ ಕಟ್ಟಿ ಮಗ್ಗ ಹೂಡಿದವರಿಗೆ ಅವರ ಜಾಗ. ಆಗದಿದ್ದರೆ ಅದು ಪಕ್ಕದವರಿಗೆ ಸೇರುತ್ತದೆ. ಊರ ನಡುವೆ ಓಣಿ ಹಾಳುಬೀಳಬಾರದು."

ರಾಚಪ್ಪ ಪಟ್ಟಿಯನ್ನು ಅಳೆದು ನೋಡಿ ತಲೆಯ ಮೇಲೆ ಕೈಹೊತ್ತು ಕೂತ. ಮಗ್ಗ ಒಂದಕ್ಕೇ ಏಳು ಮೊಳ ಬೇಕು. ಮಗ್ಗ ಹೂಡಿದರೆ ಜನಕ್ಕೆ ಜಾಗವಿಲ್ಲ, ಜನ ಇದ್ದರೆ ಮಗ್ಗಕ್ಕೆ ಜಾಗವಿಲ್ಲ. ಊರವರು ತಲೆಗೊಂದು ಮಾತು ಹೇಳಿದರು. ಮಗ್ಗ ಬಿಟ್ಟು ಕೂಲಿಗೆ ಹೋಗು ಎಂದರು ಕೆಲವರು. ಮುದುಕಿಯನ್ನು ಮಗಳ ಮನೆಗೆ ಕಳಿಸು ಎಂದರು ಹೆಚ್ಚಿನವರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಬನವ್ವ ಎದ್ದು ನೋಡಿದರೆ, ತಾವು ಇಳಿದುಕೊಂಡಿದ್ದ ಧರ್ಮಶಾಲೆಯ ಬಾಗಿಲಲ್ಲಿ ಅತ್ತೆ ಎರಡು ಸೀರೆ ಗಂಟು ಕಟ್ಟಿಕೊಂಡು ಗಾಡಿಗೆ ಕಾಯುತ್ತ ಕೂತಿದ್ದಳು.

ಬನವ್ವನಿಗೆ ಹಳೆಯದು ನೆನಪಾಯಿತು. ತನ್ನ ತಾಯಿ ಸತ್ತ ವರ್ಷ ಈ ಮುದುಕಿ ತನ್ನ ಜಡೆ ಹೆಣೆದು ಉಣ್ಣಿಸಿದ್ದಳು. ಬನವ್ವ ಹೋಗಿ ಆ ಗಂಟನ್ನು ಬಿಚ್ಚಿ ಸೀರೆಗಳನ್ನು ಕೊಡವಿ ಹಗ್ಗದ ಮೇಲೆ ಹರವಿದಳು.

"ಮಗ್ಗವೂ ಇರುತ್ತದೆ, ನೀವೂ ಇರುತ್ತೀರಿ" ಎಂದಳು. "ಹಿಡಿಸುತ್ತದೋ ಇಲ್ಲವೋ, ಅಳೆಯದೆ ಹೇಗೆ ಹೇಳುವುದು?"

"ಅಳೆದೆನಲ್ಲ" ಎಂದ ರಾಚಪ್ಪ.

"ನೀವು ನೆಲ ಅಳೆದಿರಿ. ನಮ್ಮನ್ನು ಅಳೆಯಲಿಲ್ಲ."

ಅವತ್ತೇ ಅವಳು ಒಂದು ನೂಲಿನ ಉಂಡೆ ಹಿಡಿದಳು. ಅತ್ತೆ ಕೂತರೆ ಎಷ್ಟು ಜಾಗ ಬೇಕೆಂದು ನೂಲು ಹಿಡಿದು ಗಂಟು ಹಾಕಿದಳು. ಗಂಡ ಮಗ್ಗುಲು ಬದಲಿಸಿದರೆ ಎಷ್ಟು, ಗಂಟು. ತಾನು ರೊಟ್ಟಿ ತಟ್ಟುವಾಗ ಮೊಣಕೈ ಎಲ್ಲಿಯವರೆಗೆ ಚಾಚುತ್ತದೆ, ಗಂಟು. ರಾಚಪ್ಪ ಮೇಲಿನ ಓಣಿಯ ನೆಂಟರ ಮಗ್ಗದಲ್ಲಿ ನೇಯಲು ಹೋಗುತ್ತಿದ್ದ. ಅಲ್ಲಿಗೂ ಹಿಂದೆಯೇ ಹೋಗಿ ಕೂತು ನೋಡಿದಳು. ಜನ ನಕ್ಕರು. ಬಸುರಿಗೆ ಬಯಕೆ ಒಂದೊಂದು ತರ, ಇವಳಿಗೆ ನೂಲಿನ ಬಯಕೆ ಎಂದರು.

ಮೂರನೆಯ ದಿನ ಮಧ್ಯಾಹ್ನ ಅವಳು ಕೂತಲ್ಲಿಂದ ಚಂಗನೆ ಎದ್ದಳು. ಅವಳಿಗೆ ಒಂದು ಸಂಗತಿ ಹೊಳೆದಿತ್ತು. ಗಂಡ ನೇಯುವಾಗ ಮಲಗುವುದಿಲ್ಲ, ಮಲಗುವಾಗ ನೇಯುವುದಿಲ್ಲ! ಇಷ್ಟು ಸಣ್ಣ ಮಾತು. ಹುಟ್ಟಿದಾಗಿನಿಂದ ಕಣ್ಣೆದುರೇ ಇತ್ತು, ಕಂಡಿರಲಿಲ್ಲ. ಮಗ್ಗಕ್ಕೂ ಹಾಸಿಗೆಗೂ ಬೇರೆ ಬೇರೆ ಜಾಗ ಯಾಕೆ? ಸಂಜೆ ಮಗ್ಗದಲ್ಲಿರುವ ಬಟ್ಟೆಯಿಂದ ಒಂದು ಗೇಣು ಎತ್ತರಕ್ಕೆ ನಾಲ್ಕು ಹಲಗೆ ಜೋಡಿಸಿದರೆ ಅದೇ ಮಂಚ. ಬೆಳಿಗ್ಗೆ ಹಲಗೆ ತೆಗೆದು ಗೋಡೆಗೆ ಒರಗಿಸಿದರೆ ಅದೇ ಮಗ್ಗ.

ಒಂದು ಎಳೆ ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಹಾಸಿನ ನೂಲನ್ನು ಏಳು ಮೊಳ ನೇರ ಎಳೆಯಬೇಕೆಂದು ಯಾರು ಹೇಳಿದರು? ನಾಲ್ಕು ಮೊಳ ಹೋದ ಮೇಲೆ ಒಂದು ತೊಲೆಯ ಅಡಿಯಿಂದ ಹಾಯಿಸಿ ಮೇಲಕ್ಕೆ ಕಟ್ಟಬಹುದು. ನೆಲ ಸಣ್ಣದಾದರೆ ಆಕಾಶವೂ ಸಣ್ಣದೇ? ಪಕ್ಕದ ಕಣಜದ ಗೋಡೆ ಹತ್ತು ಮೊಳ ಎತ್ತರವಿದೆ, ಆ ಎತ್ತರಕ್ಕೆ ಸೂರು ಏರಿಸಿದರೆ ಅಟ್ಟ ಬರುತ್ತದೆ, ಅಟ್ಟದಲ್ಲಿ ಕಾಳು, ನೂಲು, ಪಾತ್ರೆ. ಬನವ್ವ ಅವತ್ತು ಉಣ್ಣಲೇ ಇಲ್ಲ. ಧರ್ಮಶಾಲೆಯ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಗಂಡನನ್ನು ಕರೆದು ಗೆರೆಗಳೊಳಗೆ ಮಲಗಿಸಿದಳು. ಅವನ ಕಾಲು ಹೊರಗೆ ಬಂತು. ಗೆರೆ ತಿದ್ದಿದಳು.

ಅತ್ತೆಯ ಜಾಗ ಮಾತ್ರ ಎಲ್ಲಿ ಹಾಕಿದರೂ ಕೂಡಲಿಲ್ಲ. ಆಮೇಲೆ ಬನವ್ವ ಗೆರೆ ಬಿಟ್ಟು ಅತ್ತೆಯನ್ನೇ ನೋಡಿದಳು. ಮುದುಕಿಗೆ ಉಬ್ಬಸ. ಅವಳು ಎಂದೂ ಚಾಚಿಕೊಂಡು ಮಲಗುವುದಿಲ್ಲ, ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾಳೆ. ಹಗಲೆಲ್ಲ ಬೀದಿಯ ಕಡೆ ಮುಖ ಮಾಡಿ ಹೋಗುವವರನ್ನು ಹೆಸರು ಹಿಡಿದು ಕರೆಯುತ್ತಾಳೆ. ಹಳೆಯ ಮನೆಯಲ್ಲಿ ಅವಳಿಗೆ ಹಿಂದಿನ ಕೋಣೆ ಕೊಟ್ಟಿದ್ದರು. ದೊಡ್ಡ ಕೋಣೆ, ಒಳ್ಳೆಯ ಕೋಣೆ. ಅಲ್ಲಿ ಬೀದಿ ಕಾಣುತ್ತಿರಲಿಲ್ಲ.

"ಅತ್ತೆ, ನಿಮಗೆ ಬೇಕಾದದ್ದು ಕಿಟಕಿ. ಕೋಣೆ ಅಲ್ಲ!" ಎಂದಳು ಬನವ್ವ.

ಅತ್ತೆ ಹೇಳಿದಳು: "ಹದಿನೆಂಟು ವರ್ಷದಿಂದ ಅದನ್ನೇ ಕೇಳಬೇಕೆಂದಿದ್ದೆ. ಅಷ್ಟು ದೊಡ್ಡ ಕೋಣೆ ಕೊಟ್ಟಿದ್ದೀರಿ, ಹೇಗೆ ಕೇಳಲಿ?"

ಹಾಗೆ ಬೀದಿಯ ಗೋಡೆಗೆ ಒಂದು ಅಗಲವಾದ ಕಿಟಕಿ ಬಂತು. ಅದರ ಕಟ್ಟೆಯೇ ಅತ್ತೆಯ ಆಸನ, ಕಟ್ಟೆಯ ಕೆಳಗೆ ಬಟ್ಟೆಯ ಪೆಟ್ಟಿಗೆ.

ಊರ ಬಡಗಿ ಬಂದು ಇದ್ದಿಲ ಗೆರೆ ನೋಡಿ, "ಇದು ಮನೆಯೋ ಪೆಟ್ಟಿಗೆಯೋ?" ಎಂದ.

"ಪೆಟ್ಟಿಗೆಯಾದರೂ ಆಗಲಿ, ಮುಚ್ಚಳ ಗಟ್ಟಿಯಾಗಿರಲಿ" ಎಂದಳು ಬನವ್ವ.

ಬಿದ್ದ ಮನೆಯ ತೊಲೆ, ಹಲಗೆ, ಇಟ್ಟಿಗೆಗಳನ್ನು ಕೆಸರಿನಿಂದ ಎತ್ತಿ ತೊಳೆದು ಕೆಲಸ ಹಿಡಿದರು. ಎಲ್ಲವೂ ಸಲೀಸಾಗಿ ಆಗಲಿಲ್ಲ. ಮೊದಲ ಸಲ ಮಂಚದ ಹಲಗೆ ಜೋಡಿಸಿ ರಾಚಪ್ಪ ಮಲಗಿದ, ಹಲಗೆ ಜಾರಿತು, ಅವನು ಗುಂಡಿಗೆ ಬಿದ್ದ. ಬಡಗಿ ಬಿದ್ದು ಬಿದ್ದು ನಕ್ಕು ಹಲಗೆಯ ಅಂಚಿಗೆ ತುಟಿ ಕೆತ್ತಿ ಒಂದಕ್ಕೊಂದು ಕಚ್ಚಿಸಿದ. ಆಮೇಲೆ ಅದು ಅಲುಗಲಿಲ್ಲ. ಆಶ್ವೀಜದಲ್ಲಿ ಬನವ್ವನಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಅವಳು ಬಾಣಂತಿಯಾಗಿ ಮಲಗಿದಾಗ ಊರುಬಿಡಲು ಹೊರಟಿದ್ದ ಅತ್ತೆಯೇ ಕೋಲೂರಿಕೊಂಡು ಹೋಗಿ ಕೆಲಸದ ಎದುರು ಕೂತಳು. ಮೊಳೆ ಸೊಟ್ಟ ಹೊಡೆದರೆ ಬಡಗಿಯ ಅಜ್ಜನಿಂದ ಹಿಡಿದು ಬೈಯುತ್ತಿದ್ದಳು.

ಮಲಗಿದಲ್ಲಿಯೂ ಬನವ್ವನ ತಲೆ ಸುಮ್ಮನಿರಲಿಲ್ಲ. ತೊಟ್ಟಿಲನ್ನು ಎಲ್ಲಿ ಕಟ್ಟುವುದು? ತೂಗುವವರು ಯಾರು? ಅವಳು ನೂಲು ಸುತ್ತಬೇಕು, ಅತ್ತೆಗೆ ಕೈಸೋಲು. ಮಗುವಿಗೆ ಹಾಲೂಡಿಸುತ್ತ ಕೂತವಳು ಒಮ್ಮೆಲೇ ಗಟ್ಟಿಯಾಗಿ ನಕ್ಕಳು. ಗಂಡನ ಕಾಲು ದಿನವಿಡೀ ತುಳಿಯುತ್ತಲೇ ಇರುತ್ತದೆಯಲ್ಲ! ಮೇಲಿನ ತೊಲೆಗೆ ತೊಟ್ಟಿಲು ಕಟ್ಟಿ ಮಗ್ಗದ ತುಳಿಯುವ ಹಲಗೆಗೆ ಒಂದು ದಾರ ಬಿಗಿದರೆ ಅಪ್ಪ ನೇಯುತ್ತಾನೆ, ಮಗಳು ತೂಗುತ್ತಾಳೆ.

ದೀಪಾವಳಿಯ ಬೆಳಿಗ್ಗೆ ಗೌಡ ಹಿರಿಯರೊಂದಿಗೆ ಬಂದ. ಕಣಜದ ವ್ಯಾಪಾರಿಯೂ ಬಂದ, ಆ ಪಟ್ಟಿ ತನಗೆ ಸೇರುತ್ತದೆಂದು ಅವನಿಗೆ ಖಾತ್ರಿಯಿತ್ತು. ಓಣಿಯ ಜನ ಕಿಟಕಿಗೆ ಮುತ್ತಿದರು. ಒಳಗೆ ರಾಚಪ್ಪ ನೇಯುತ್ತಿದ್ದ, ಬಾಣಂತಿ ಒಂದು ಮೂಲೆಯಲ್ಲಿ ನೂಲು ಸುತ್ತುತ್ತಿದ್ದಳು. ಮಗ್ಗ ಬಿಟ್ಟರೆ ಮನೆಯಲ್ಲಿ ಮತ್ತೇನೂ ಕಾಣಲಿಲ್ಲ.

"ಮಗ್ಗವೇನೋ ಇದೆ. ಮನೆ ಎಲ್ಲಿ?" ಎಂದ ಗೌಡ.

ಬನವ್ವ ಎದ್ದಳು. ಗೋಡೆಯ ಒಂದು ಹಲಗೆ ಎಳೆದಳು, ಗೂಡಿನಲ್ಲಿ ಒಲೆ, ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು. ಹಗ್ಗ ಸಡಿಲಿಸಿದಳು, ಅಟ್ಟದಿಂದ ಏಣಿ ಇಳಿಯಿತು. ರಾಚಪ್ಪ ಲಾಳಿ ಇಟ್ಟು ಬದಿಗೆ ನಿಂತ. ನಾಲ್ಕು ಹಲಗೆ ಟಕ ಟಕ ಟಕ ಟಕ ಎಂದು ಕೂತವು, ಮಗ್ಗವಿದ್ದಲ್ಲಿ ಮಂಚ ಬಂತು. ಹೊರಗೆ ಜನ ಹೋ ಎಂದರು. "ಕೂತುಕೊಳ್ಳಿ" ಎಂದಳು ಬನವ್ವ. ಗೌಡ ಕೂತ, ಹಿರಿಯರು ಐವರು ಕೂತರು, ಹಲಗೆ ಕಿರುಗುಟ್ಟಲಿಲ್ಲ. ಉಳಿದವರಿಗೆ ಅತ್ತೆ ಕಿಟಕಿಯಿಂದಲೇ ಪಾಯಸ ಕೊಟ್ಟಳು, ಒಬ್ಬೊಬ್ಬರ ಹೆಸರು ಹಿಡಿದು. ಉಂಡು ಎದ್ದ ಮೇಲೆ ಹಲಗೆ ಮತ್ತೆ ಗೋಡೆಗೆ ಹೋದವು, ರಾಚಪ್ಪ ಗುಂಡಿಗೆ ಕಾಲು ಇಳಿಬಿಟ್ಟ. ಅವನು ತುಳಿದಂತೆಲ್ಲ ತಲೆಯ ಮೇಲೆ ತೊಟ್ಟಿಲು ತೂಗಿತು. ಗೌಡ ಅದನ್ನು ನೋಡುತ್ತ ನಿಂತುಬಿಟ್ಟ. "ಇನ್ನೊಂದು ಸಲ ತುಳಿಯೋ" ಎಂದ.

ಜಾಗ ಬನವ್ವನದಾಯಿತು.

ಎಲ್ಲರೂ ಹೋದ ಮೇಲೂ ವ್ಯಾಪಾರಿ ಅಲ್ಲೇ ಉಳಿದ. "ನಿನ್ನ ಜಾಣ್ಮೆ ದೊಡ್ಡದು ತಾಯಿ" ಎಂದ. "ನನ್ನದು ಹದಿನಾರು ಅಂಕಣದ ಮನೆ, ಇರುವವರು ಏಳು ಜನ. ಆದರೂ ಒಬ್ಬರಿಗೂ ಜಾಗ ಸಾಲದು. ದಿನ ಬೆಳಗಾದರೆ ಜಗಳ. ಇನ್ನೂ ನಾಲ್ಕು ಕೋಣೆ ಕಟ್ಟಿಸಬೇಕೆಂದಿದ್ದೇನೆ. ಎಲ್ಲಿ ಏನು ಬರಬೇಕು, ನೀನೇ ಬಂದು ಹೇಳು."

"ನಿಮ್ಮ ತಾಯಿ ಹಗಲು ಎಲ್ಲಿ ಕೂರುತ್ತಾರೆ?" ಎಂದು ಕೇಳಿದಳು ಬನವ್ವ.

"ಅವರ ಕೋಣೆಯಲ್ಲಿ."

"ಯಾವ ಕಡೆ ಮುಖ ಮಾಡಿ?"

ವ್ಯಾಪಾರಿ ಯೋಚಿಸಿದ. ಗೊತ್ತಾಗಲಿಲ್ಲ.

"ಹೆಂಡತಿಗೆ ಬೇಸರವಾದಾಗ ಎಲ್ಲಿ ಹೋಗಿ ನಿಲ್ಲುತ್ತಾರೆ?"

ಅದೂ ಅವನಿಗೆ ಗೊತ್ತಿರಲಿಲ್ಲ.

"ಮನೆಯನ್ನು ನಾನು ಬಂದು ಅಳೆಯಬಲ್ಲೆ" ಎಂದಳು ಬನವ್ವ. "ಮನೆಯವರನ್ನು ನೀವೇ ಅಳೆಯಬೇಕು."

ವ್ಯಾಪಾರಿ ಹದಿನೈದು ದಿನ ಅಂಗಡಿ ಮುಚ್ಚಿ ಮನೆಯಲ್ಲೇ ಕೂತ. ಹದಿನಾರನೆಯ ದಿನ ಪೇಟವಿಲ್ಲದ ತಲೆಯಲ್ಲಿ, ನೇಕಾರರ ಓಣಿಯಲ್ಲಿ ಓಡಿ ಬಂದ. "ನನ್ನ ತಾಯಿ ಬರಿಗೋಡೆಗೆ ಮುಖ ಮಾಡಿ ಕೂರುತ್ತಾರೆ!" ಎಂದು ಕಿಟಕಿಯ ಹೊರಗೆ ನಿಂತೇ ಕೂಗಿದ. "ಆ ಗೋಡೆಯ ಆಚೆಗೇ ಮಲ್ಲಿಗೆ ಹಂದರ, ಬೇಸರವಾದಾಗ ಹೆಂಡತಿ ಹೋಗಿ ನಿಲ್ಲುವುದು ಅಲ್ಲೇ. ಇಬ್ಬರ ನಡುವೆ ಒಂದು ಗೇಣು ಇಟ್ಟಿಗೆ. ಇಪ್ಪತ್ತು ವರ್ಷ!" ಅವನು ಕೋಣೆ ಕಟ್ಟಿಸಲಿಲ್ಲ. ಆ ಗೋಡೆಯಲ್ಲಿ ಒಂದು ಬಾಗಿಲು ಒಡೆಸಿದ. ಅವನ ಮನೆಯ ಅತ್ತೆ ಸೊಸೆ ಮೊದಲ ದಿನ ಅಲ್ಲಿ ಕೂತು ಜಗಳವಾಡಿದರು. ಎರಡನೆಯ ದಿನ ಹೂ ಕಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನ ಕಣ್ಣು ಹೊಳೆಯುತ್ತಿದ್ದವು. ಅವನು ಎದ್ದೇ ನಿಂತಿದ್ದ.

"ತಿಳಿಯಿತು ಗುರುಗಳೇ! ಹೊಸ ಮಠ ಬೇಡವೇ ಬೇಡ. ಗೋಡೆಗೆ ಮಡಚುವ ಹಲಗೆ, ಪುಸ್ತಕಕ್ಕೆ ಅಟ್ಟ, ಜಪಕ್ಕೆ ಒಂದು ಹೊತ್ತು, ಓದಿಗೆ ಒಂದು ಹೊತ್ತು. ಈ ಮೂರು ಕೋಣೆಯಲ್ಲೇ ಹನ್ನೆರಡು ಜನ ಇರಬಹುದು. ನಾಳೆಯೇ ಬಡಗಿಯನ್ನು ಕರೆಸುತ್ತೇನೆ."

ಗುರುಗಳು ಅವನನ್ನು ನೋಡಿ ಕೇಳಿದರು: "ಮೂರು ವರ್ಷದಿಂದ ನಿನ್ನ ಮಗ್ಗುಲಲ್ಲೇ ಮಲಗುವ ಗದಿಗೆಯ್ಯನಿಗೆ ಯಾವ ಮೊಣಕಾಲು ನೋಯುತ್ತದೆ, ಹೇಳು."