ಹುಲಿಗೆಪ್ಪನನ್ನು ಆಟಕ್ಕೆ ಕರೆದದ್ದು

ಇದು ನಡೆದದ್ದು ಕಾರ್ತೀಕ ಮಾಸದಲ್ಲಿ, ಹೊಳೆಯ ನೀರು ಕೆಂಪು ಕಳೆದುಕೊಂಡು ತಿಳಿಯಾದ ಮೇಲೆ.

ಹೊಳೆಯ ದಂಡೆಯ ಮೇಲೆ ಗುರು ಹಂಪಯ್ಯನವರ ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ಆಟ ಕಟ್ಟುವುದು. ಬಟ್ಟೆಯ ಹಾಸಿನ ಮೇಲೆ ಮನೆಗಳನ್ನು ಬರೆಯುವುದು, ಕಾಯಿ ಕೆತ್ತುವುದು, ಕವಡೆಗೆ ನಿಯಮ ಹೇಳುವುದು.

ಆಶ್ರಮದ ಮೆಟ್ಟಿಲುಗಳ ಕೆಳಗೆ ಹರಿಗೋಲು ನಿಲ್ಲುತ್ತಿತ್ತು. ಹೊಳೆ ದಾಟಲು ಬಂದವರು ಮೇಲೆ ಹುಣಸೆಮರದ ನೆರಳಲ್ಲಿ ಕಾಯುತ್ತಿದ್ದರು. ಶಿಷ್ಯ ಹೊಸ ಆಟ ಕಟ್ಟಿದರೆ ಅದನ್ನು ಅವರ ಮುಂದೆ ಹಾಸಬೇಕು. ಹರಿಗೋಲು ಹೊರಡುವ ಮೂರು ಕೂಗು ಬಿದ್ದ ಮೇಲೂ ಆಟ ಬಿಟ್ಟೇಳಲಾರದೆ ಎಷ್ಟು ಜನ ದಡದಲ್ಲೇ ಉಳಿದರೆಂದು ಗುರುಗಳು ಎಣಿಸುತ್ತಿದ್ದರು.

ಒಬ್ಬ ಉಳಿದರೂ ಶಿಷ್ಯ ಗೆದ್ದ ಹಾಗೆ. ಮೂರು ಸಲ ಹಾಸಿಯೂ ಯಾರೂ ಉಳಿಯದಿದ್ದರೆ ಅವನು ಹಾಸು ಬರೆಯುವ ಕುಂಚವನ್ನು ಗುರುಗಳ ಕೈಗೆ ಒಪ್ಪಿಸಿ ಊರಿಗೆ ಮರಳಬೇಕು.

ಸೋವಣ್ಣ ಐದು ವರ್ಷ ಕಲಿತ ಶಿಷ್ಯ. ಎರಡು ಸಲ ಆಟ ಹಾಸಿದ್ದ. ಎರಡು ಸಲವೂ ಆಡಲು ಕುಳಿತ ನಾಲ್ವರೂ ಎದ್ದು ಹೋಗಿದ್ದರು.

ಆದರೂ ಅವನಿಗೆ ಅಳುಕಿರಲಿಲ್ಲ. ಅಳೆದು ನೋಡಿದರೆ ತಪ್ಪು ಸಿಕ್ಕೇ ಸಿಗುತ್ತದೆ ಎಂಬುದು ಅವನ ನಂಬಿಕೆ.

ಅವನ ಆಟದಲ್ಲಿ ನಾಲ್ವರು ಒಬ್ಬರಿಗೊಬ್ಬರು ಎದುರಾಳಿಗಳಲ್ಲ, ಒಂದೇ ತಂಡ. ಒಬ್ಬ ಬೇಟೆಗಾರ, ಒಬ್ಬ ವೈದ್ಯ, ಒಬ್ಬ ಕಮ್ಮಾರ, ಒಬ್ಬಳು ಹಾಡುಗಾರ್ತಿ. ಆಡುವವರು ಒಂದೊಂದು ಪಾತ್ರ ವಹಿಸಿಕೊಂಡು ಆ ಪಾತ್ರದವರಂತೆಯೇ ಮಾತಾಡಬೇಕು. ಊರಿನ ಕೆರೆಯನ್ನು ಒಬ್ಬ ದೈತ್ಯ ಕುಡಿದುಬಿಟ್ಟಿದ್ದಾನೆ. ನಾಲ್ವರಿಂದಲೇ ಅವನು ಬಗ್ಗುವವನಲ್ಲ. ದಾರಿಯ ಕಾಡಿನಲ್ಲಿ ಹನ್ನೆರಡು ಮಂದಿ ಭೂತ ರಕ್ಕಸರಿದ್ದಾರೆ. ಅವರಲ್ಲಿ ಕೆಲವರನ್ನಾದರೂ ತಮ್ಮ ತಂಡಕ್ಕೆ ಸೇರಿಸಿಕೊಳ್ಳಬೇಕು.

ಸೇರಿಸಿಕೊಳ್ಳುವುದು ಕವಡೆಯಿಂದ. ಪ್ರತಿ ರಕ್ಕಸನಿಗೂ ಒಂದು ಸಂಖ್ಯೆ. ಅಷ್ಟು ಕವಡೆ ಬಿದ್ದರೆ ರಕ್ಕಸ ನಿಮ್ಮವನು.

ಮೊದಲ ಸಲ ಸಂಖ್ಯೆ ದೊಡ್ಡದಾಗಿ, ಯಾವ ರಕ್ಕಸನೂ ಸಿಗಲಿಲ್ಲ. ಎರಡನೆಯ ಸಲ ಚಿಕ್ಕದಾಗಿ, ಕುರಿಮರಿಗಳ ಹಾಗೆ ಎಲ್ಲರೂ ಬಂದುಬಿಟ್ಟರು. ಈಗ ಸೋವಣ್ಣ ಮುನ್ನೂರು ಸಲ ಕವಡೆ ಎಸೆದು, ಬಿದ್ದದ್ದನ್ನೆಲ್ಲ ಓಲೆಯಲ್ಲಿ ಬರೆದಿಟ್ಟು, ನಡುವಿನ ಸಂಖ್ಯೆ ಕಂಡುಹಿಡಿದಿದ್ದ.

ಓಲೆಗಳನ್ನು ಗುರುಗಳ ಮುಂದಿಟ್ಟ. ಅವರು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಓಲೆ ಮುಟ್ಟಲಿಲ್ಲ.

“ಒಬ್ಬ ಕವಡೆ ಎಸೆಯುವಾಗ ಉಳಿದ ಮೂವರು ಏನು ಮಾಡುತ್ತಾರೆ?”

“ತಮ್ಮ ಸರದಿಗೆ ಕಾಯುತ್ತಾರೆ, ಗುರುಗಳೇ.”

“ಕಾಯುವುದಕ್ಕೆ ಅವರಿಗೆ ಹರಿಗೋಲು ಸಾಕು.”

ಸಂಖ್ಯೆ ತಪ್ಪಿದೆಯೇ ಎಂದು ಸೋವಣ್ಣ ಕೇಳಿದ. ಸಂಖ್ಯೆ ಸರಿಯಾಗಿಯೇ ಇದೆ ಎಂದರು. ಹಾಗಾದರೆ ಏನನ್ನು ಬದಲಿಸಲಿ ಎಂದ.

ಗುರುಗಳು ಒಂದು ಕಲ್ಲು ಆರಿಸಿ ಆಚೆ ಎಸೆದರು.

“ಹುಲಿಗೆಪ್ಪನನ್ನು ಆಟಕ್ಕೆ ಕರೆದುಕೊಂಡು ಬಾ. ನಾಲ್ಕು ದಿನ ಸಮಯವಿದೆ.”

ಹುಲಿಗೆಪ್ಪ ಹರಿಗೋಲಿನ ಅಂಬಿಗ. ಆಟದ ನೆಪದಲ್ಲಿ ಜನ ತಡಮಾಡುತ್ತಾರೆಂದು ಹತ್ತೊಂಬತ್ತು ವರ್ಷದಿಂದ ಆಶ್ರಮವನ್ನು ಬೈಯುತ್ತ ಬಂದವನು. ಒಂದು ದಿನವೂ ಮೆಟ್ಟಿಲು ಹತ್ತಿದವನಲ್ಲ. ಶಿಷ್ಯರು ಬೆನ್ನ ಹಿಂದೆ ಅವನನ್ನು ರಕ್ಕಸ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಅವರನ್ನು ದಾಟಿಸುವಾಗ ನಡುಹೊಳೆಯಲ್ಲಿ ಹರಿಗೋಲನ್ನು ಎರಡು ಸುತ್ತು ಹೆಚ್ಚಿಗೆ ತಿರುಗಿಸುತ್ತಿದ್ದ.

ಮೊದಲ ದಿನ ಸೋವಣ್ಣ ಕವಡೆ ಹಿಡಿದು ಇಳಿದ. ಐದು ಬಿದ್ದರೆ ಹುಲಿಗೆಪ್ಪ ಆಟಕ್ಕೆ ಬರಬೇಕು ಎಂದು ಪಂಥ ಕಟ್ಟಿ ಎಸೆದ. ಐದೇ ಬಿತ್ತು.

ಹುಲಿಗೆಪ್ಪ ಬಗ್ಗಿ ನೋಡಿದ. “ಬಿದ್ದದ್ದು ಕವಡೆ. ಅದಕ್ಕೆ ನನ್ನ ಕಾಲು ಯಾಕಪ್ಪ ಏಳಬೇಕು?”

ಎರಡನೆಯ ದಿನ ಐದು ಹೋಳಿಗೆ ಒಯ್ದ. ಹುಲಿಗೆಪ್ಪ ಐದನ್ನೂ ತಿಂದು, ತುಪ್ಪ ಚೆನ್ನಾಗಿದೆ ಎಂದು ಹೊಗಳಿ, ಹುಟ್ಟು ಎತ್ತಿಕೊಂಡು ಹೊರಟುಹೋದ.

ಮೂರನೆಯ ದಿನ ಕೊಡಲು ಏನೂ ತೋಚಲಿಲ್ಲ. ಸೋವಣ್ಣ ಸುಮ್ಮನೆ ಹರಿಗೋಲು ಹತ್ತಿ ಕುಳಿತ. ತಳದ ತೊಗಲಿನ ಹೊಲಿಗೆ ಬಿಚ್ಚಿ ನೀರು ಜಿನುಗುತ್ತಿತ್ತು. ಹುಲಿಗೆಪ್ಪ ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ತೆಂಗಿನ ಚಿಪ್ಪಿನಿಂದ ನೀರು ಮೊಗೆದು ಚೆಲ್ಲುತ್ತಿದ್ದ. ಆ ದಡ ಮುಟ್ಟುವಷ್ಟರಲ್ಲಿ ನಲವತ್ತೆರಡು ಚಿಪ್ಪು. ಎಣಿಸುವುದು ಸೋವಣ್ಣನ ಅಭ್ಯಾಸ.

“ಇದನ್ನು ಹೊಲಿಸಬಾರದೇ, ಹುಲಿಗೆಪ್ಪಣ್ಣ?”

“ತೊಗಲು ಹೊಲಿಯುವವರು ಈ ದಂಡೆಯಲ್ಲಿ ಒಬ್ಬರೇ ಇರುವುದು. ನಾನು ಕೇಳಲಾರೆ.”

ಯಾರೆಂದು ಕೇಳಿದ್ದಕ್ಕೆ ಗಲ್ಲ ಎತ್ತಿ ಆಶ್ರಮದ ಕಡೆ ತೋರಿಸಿದ.

ಅದು ನಾಗವ್ವ. ಸೋವಣ್ಣನಿಗಿಂತ ಹಿರಿಯ ಶಿಷ್ಯೆ, ಕವಡೆ ಇಡುವ ತೊಗಲಿನ ಚೀಲಗಳನ್ನು ಹೊಲಿಯುವವಳು. ಸೋವಣ್ಣ ಹೋಗಿ ಕೇಳಿದಾಗ ದಬ್ಬಣವನ್ನು ನೆಲಕ್ಕಿಟ್ಟಳು.

ತಾನು ಆಶ್ರಮಕ್ಕೆ ಬಂದ ಮೊದಲ ದಿನದ ಕಥೆ ಹೇಳಿದಳು. ಹರಿಗೋಲಿನಲ್ಲಿ ಅವಳ ತೊಡೆಯ ಮೇಲೆ ಅಜ್ಜಿಯ ಪಗಡೆ ಹಾಸು ಇತ್ತು. ನಡುಹೊಳೆಯಲ್ಲಿ ಗಾಳಿ ಅದನ್ನು ಎತ್ತಿ ನೀರಿಗೆ ಹಾಕಿತು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ತೇಲುತ್ತಿತ್ತು. ನಿಲ್ಲಿಸು ಎಂದು ಬೇಡಿಕೊಂಡಳು. ಆಟದ ಬಟ್ಟೆ ತಾನೇ, ಹೋಗಲಿ ಎಂದು ಹುಲಿಗೆಪ್ಪ ಹುಟ್ಟು ಹಾಕುತ್ತಲೇ ಹೋದ.

“ಅವನು ಮುಳುಗಿದರೂ ಹೊಲಿಯುವುದಿಲ್ಲ, ತಮ್ಮಾ.”

“ಏನಾದರೆ ಹೊಲಿಯುತ್ತೀಯ, ಅಕ್ಕ?”

ಅವಳು ದಬ್ಬಣವನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ, ಅವತ್ತಿನದು ಅವನಿಗೆ ನೆನಪಾದರೂ ಇದೆಯೇ ಕೇಳಿ ಬಾ ಎಂದಳು.

ಸೋವಣ್ಣ ಮೆಟ್ಟಿಲು ಇಳಿದ. ನೆನಪಿದೆ ಎಂದ ಹುಲಿಗೆಪ್ಪ. ಸೋವಣ್ಣ ಹತ್ತಿದ. ನೆನಪಿದ್ದೂ ಸುಮ್ಮನಿದ್ದನೇ ಎಂದಳು ನಾಗವ್ವ. ಮತ್ತೆ ಇಳಿದ. ನಾಲ್ಕನೆಯ ದಿನ ಮಧ್ಯಾಹ್ನದವರೆಗೂ ಹತ್ತುವುದು ಇಳಿಯುವುದೇ ಆಯಿತು. ಅವಳಿಗೆ ಬೇಕಾದದ್ದು ಅವನ ಹತ್ತಿರ ಇತ್ತು, ಅವನಿಗೆ ಬೇಕಾದದ್ದು ಅವಳ ಹತ್ತಿರ. ಸೋವಣ್ಣನ ಹತ್ತಿರ ಏನೂ ಇರಲಿಲ್ಲ, ಎರಡು ಕಾಲುಗಳ ಹೊರತು.

ಕೊನೆಗೆ ನಾಗವ್ವ ತಾನೇ ನಾಲ್ಕು ಮೆಟ್ಟಿಲು ಇಳಿದು ಬಂದು ನಿಂತಳು. ಹುಲಿಗೆಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

“ಅವತ್ತು ನಾನು ಹುಟ್ಟು ನಿಲ್ಲಿಸಬಹುದಿತ್ತು ತಾಯಿ,” ಎಂದ. “ನಿಲ್ಲಿಸಲಿಲ್ಲ.”

ನಾಗವ್ವ ಉಳಿದ ಮೆಟ್ಟಿಲುಗಳನ್ನೂ ಇಳಿದಳು. ಆಮೇಲೆ ಹರಿಗೋಲನ್ನು ಮಗುಚಿ ಹಾಕು ಎಂದಳು.

ಸಂಜೆಯ ಹೊತ್ತಿಗೆ ಹೊಲಿಗೆ ಮುಗಿಯಿತು. ಈಗಲಾದರೂ ಆಟಕ್ಕೆ ಬಾ ಎಂದು ಸೋವಣ್ಣ ಕರೆದ. ಹುಲಿಗೆಪ್ಪ ಹುಟ್ಟನ್ನು ಹೆಗಲಿಗೇರಿಸಿ, ದಾಟುವವರು ಕಾದಿದ್ದಾರೆ ಎಂದು ಹೋಗಿಯೇಬಿಟ್ಟ.

ಸೋವಣ್ಣ ಗುರುಗಳ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾಲ್ಕು ದಿನ ಮುಗಿಯಿತು, ಅವನು ಬರಲಿಲ್ಲ.

“ಹೊಲಿಗೆ ಹೇಗಿದೆ?”

“ಒಂದು ಚಿಪ್ಪು ನೀರೂ ಬರುತ್ತಿಲ್ಲ.”

“ಹಾಗಾದರೆ ಹೋಗಿ ಆಟ ಕಟ್ಟು.”

ಸೋವಣ್ಣ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹಾಸಿನ ಮೇಲಿದ್ದ ಹನ್ನೆರಡು ಸಂಖ್ಯೆಗಳನ್ನೂ ಒರೆಸಿದ. ಅವುಗಳ ಜಾಗದಲ್ಲಿ ಬೇರೆ ಬರೆದ. ಮೂರನೆಯ ದಿನ ಬೆಳಿಗ್ಗೆ ಗುರುಗಳ ಮುಂದೆ ಬಂದು ನಿಂತಾಗ ಅವನ ದನಿ ಗಟ್ಟಿಯಾಗಿತ್ತು.

“ರಕ್ಕಸರನ್ನು ಕರೆಯಲು ಇನ್ನು ಕವಡೆ ಇಲ್ಲ. ಒಬ್ಬೊಬ್ಬ ರಕ್ಕಸನಿಗೂ ಒಂದೊಂದು ಬೇಡಿಕೆ. ಅವನಿಗೆ ಬೇಕಾದದ್ದು ಅವನೆದುರು ನಿಂತವನ ಕೈಯಲ್ಲಿ ಇರುವುದೇ ಇಲ್ಲ. ಉಳಿದ ಮೂವರಲ್ಲಿ ಯಾರದೋ ಕೈಯಲ್ಲಿರುತ್ತದೆ.”

“ಅವರು ಕೊಡದಿದ್ದರೆ?”

“ಕೊಡುವ ಹಾಗೆ ಕೇಳಬೇಕು.”

“ಕೊಟ್ಟ ಮಾತು ತಪ್ಪಿದರೆ?”

“ರಕ್ಕಸ ಎದ್ದು ಹೋಗುತ್ತಾನೆ. ದೈತ್ಯನ ಮುಂದೆ ನಿಂತಿದ್ದಾಗಲೇ ಆದರೂ ಹೋಗುತ್ತಾನೆ.”

“ನಿನ್ನ ಮುನ್ನೂರು ಎಸೆತಗಳು?”

“ದೈತ್ಯನ ಜೊತೆ ಕಾದಾಡಲು ಕವಡೆ ಬೇಕು. ಅಲ್ಲಿಗೆ ಆಗುತ್ತವೆ.”

ಗುರುಗಳು ಎದ್ದು, ಮೊರ ಪಕ್ಕಕ್ಕಿಟ್ಟು, ಅವನ ಜೊತೆ ಹುಣಸೆಮರದ ಕಡೆ ನಡೆದರು.

ಅವತ್ತು ನೆರಳಲ್ಲಿ ನಾಲ್ವರಿದ್ದರು. ಒಬ್ಬ ಗಾಣಿಗ, ಒಬ್ಬಳು ಬಳೆಗಾರ್ತಿ, ಮದುವೆಗೆ ಹೊರಟ ಅತ್ತೆ ಸೊಸೆ. ಅತ್ತೆ ಬೇಟೆಗಾರನಾದಳು, ಸೊಸೆ ಹಾಡುಗಾರ್ತಿಯಾದಳು. ಗಾಣಿಗ ವೈದ್ಯನ ಪಾತ್ರ ಹಿಡಿದು, ಕಮ್ಮಾರನಾದ ಬಳೆಗಾರ್ತಿಯ ನಾಡಿ ನೋಡಲು ಹೋಗಿ ಕೈಮೇಲೆ ಏಟು ತಿಂದ.

ಮೂರನೆಯ ಸರದಿಗೇ ಬೇಟೆಗಾರನೆದುರು ಜಲಭೂತ ಎದ್ದಿತು. ಭೂತಗಳ ಮಾತನ್ನು ಸೋವಣ್ಣನೇ ಆಡುತ್ತಿದ್ದ. ನೂರು ವರ್ಷದಿಂದ ನೀರಿನಡಿಯ ಸದ್ದು ಬಿಟ್ಟು ಬೇರೇನೂ ಕೇಳಿಲ್ಲ, ಒಂದು ಹಾಡು ಕೇಳಿಸಿದರೆ ಜೊತೆಗೆ ಬರುತ್ತೇನೆ ಎಂದಿತು ಭೂತ.

“ಅದಕ್ಕೇನು, ನಮ್ಮ ಹುಡುಗಿ ಹಾಡುತ್ತಾಳೆ,” ಎಂದಳು ಅತ್ತೆ.

“ಹಾಡುತ್ತೇನೆಂದು ನಿಮಗೆ ಯಾರು ಹೇಳಿದರು, ಅತ್ತೆ?”

ಗಾಣಿಗ ನಕ್ಕ. ಬಳೆಗಾರ್ತಿ ನಗದೆ ಸೊಸೆಯ ಮುಖ ನೋಡಿದಳು. ಕೆಳಗಿನಿಂದ ಹುಲಿಗೆಪ್ಪನ ಮೊದಲ ಕೂಗು ಬಂತು.

ಯಾರೂ ಏಳಲಿಲ್ಲ. ಇದು ಆಟವಷ್ಟೇ ಎಂದಳು ಅತ್ತೆ. ಆಟದಲ್ಲೂ ಒಂದು ಸಲ ಕೇಳಬಹುದಲ್ಲ ಎಂದಳು ಸೊಸೆ. ಎರಡನೆಯ ಕೂಗು ಬಂತು. ಅತ್ತೆ ಸೆರಗು ಸರಿಪಡಿಸಿಕೊಂಡು ಹೊಳೆಯ ಕಡೆ ತಿರುಗಿದಳು. ಎದ್ದೇಬಿಡುತ್ತಾಳೆ ಎಂದುಕೊಂಡ ಸೋವಣ್ಣ. ಅವನ ಕೈ ಸೊಂಟದಲ್ಲಿದ್ದ ಕುಂಚವನ್ನು ಮುಟ್ಟಿತು.

ಮೂರನೆಯ ಕೂಗು ಬರಲಿಲ್ಲ. ಬದಲಿಗೆ ಹುಲಿಗೆಪ್ಪನೇ ಬಂದ. ದಬದಬ ಮೆಟ್ಟಿಲು ಹತ್ತಿ, ಬೈಯಲೆಂದೇ ಬಾಯಿ ತೆರೆದು, ಹಾಸಿನ ಮೇಲೆ ನಿಂತಿದ್ದ ಜಲಭೂತದ ಕಾಯಿ ನೋಡಿದ. ನಡೆದದ್ದೇನೆಂದು ಬಳೆಗಾರ್ತಿ ಹೇಳಿದಳು. ಭೂತ ಏನೆಂದಿತು ಎಂದು ಕೇಳಿದ. ಸೋವಣ್ಣ ಇನ್ನೊಮ್ಮೆ ಹೇಳಿ ತೋರಿಸಿದ.

“ನೀರಿನಲ್ಲಿರುವವರು ಹಾಗೆ ಮಾತಾಡುವುದಿಲ್ಲ,” ಎಂದ ಹುಲಿಗೆಪ್ಪ. “ಸ್ವಲ್ಪ ಆಚೆ ಸರಿ.”

ಹುಟ್ಟನ್ನು ಮರಕ್ಕೊರಗಿಸಿ ಕುಳಿತ. ಕಾಯಿಯನ್ನು ಕೈಗೆ ತೆಗೆದುಕೊಂಡು ಅತ್ತೆಯನ್ನೇ ನೋಡುತ್ತ ಕೂತ. ಒಂದು ಮಾತೂ ಆಡಲಿಲ್ಲ.

ಅತ್ತೆ ಆ ನೋಟವನ್ನು ಬಹಳ ಹೊತ್ತು ತಡೆಯಲಾರದಾದಳು. ಸೊಸೆಯ ಕಡೆ ತಿರುಗಿದಳು.

“ಒಂದು ಹಾಡು ಹೇಳೇ, ಮಗಳೇ. ಕೇಳುತ್ತಿದ್ದೇನೆ.”

ಸೊಸೆ ಬೀಸುವ ಕಲ್ಲಿನ ಪದವೊಂದನ್ನು ಎತ್ತಿಕೊಂಡಳು. ಮುಗಿಯುವವರೆಗೆ ಯಾರೂ ಅಲುಗಲಿಲ್ಲ. ಆಮೇಲೆ ಹುಲಿಗೆಪ್ಪ ಕಾಯಿಯನ್ನು ತಂದು ನಾಲ್ವರ ಕಾಯಿಗಳ ಪಕ್ಕದಲ್ಲಿಟ್ಟು, ಮುಂದಿನ ರಕ್ಕಸ ಯಾರು ಎಂದ.

ಆಟ ಕಾಡಿನೊಳಕ್ಕೆ ಸಾಗಿತು. ನೆರಳು ಹಾಸಿನಿಂದ ಜಾರಿದರೆ ಅವರೇ ಹಾಸನ್ನು ಎಳೆದುಕೊಂಡರು. ಕೆಳಗೆ ಹರಿಗೋಲು ಗೂಟಕ್ಕೆ ಕಟ್ಟಿದಲ್ಲೇ ತೇಲುತ್ತಿತ್ತು.

ಸೋವಣ್ಣ ಮೆಲ್ಲಗೆ ಎದ್ದು ಗುರುಗಳ ಬಳಿ ಬಂದ. ಅವನಿಗೆ ಲೆಕ್ಕ ಕೂಡಿಬರುತ್ತಿರಲಿಲ್ಲ.

“ಗುರುಗಳೇ, ಹರಿಗೋಲು ಹೊರಡಲೇ ಇಲ್ಲ. ಅಂಬಿಗನೇ ಇಲ್ಲಿ ಕುಳಿತಿದ್ದಾನೆ. ಉಳಿದವರನ್ನು ಎಣಿಸುವುದು ಹೇಗೆ?”

ಗುರುಗಳು ಹಣೆಗೆ ಕೈ ಅಡ್ಡ ಹಿಡಿದು ಹೊಳೆಯಾಚೆ ನೋಡಿದರು. ಅಲ್ಲಿ ಮರಳಿನ ಮೇಲೆ ಜನ ನಿಂತು, ವಸ್ತ್ರ ಬೀಸಿ ಅಂಬಿಗನನ್ನು ಕೂಗುತ್ತಿದ್ದರು. ಗುರುಗಳ ತುಟಿ ಒಂದಿಷ್ಟು ಹೊತ್ತು ಅಲುಗಿತು.

“ಉಳಿದವರು ಈ ದಡದಲ್ಲಿ ಐದು, ಆ ದಡದಲ್ಲಿ ಹದಿನೇಳು.”