ಕೆಂಚಿಯ ಉಗುರು, ದ್ಯಾವಣ್ಣನ ಗಾಡಿ

ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ಚಾಚಿದರೆ ಗಾಡಿ ಹರಿಯುತ್ತೆ. ಯಾವ ಗಾಡಿ? ಅದೇ ಕತೆ.

ಒಂದೂರು. ಆ ಊರಿಗೆ ಒಂದೇ ದಾರಿ. ಗಾಡಿಯೂ ಅದರಲ್ಲೇ ಹೋಗಬೇಕು. ಕೋಳಿಯೂ ಅದರಲ್ಲೇ ಹೋಗಬೇಕು.

ಆ ಊರಿನವರಿಗೆ ಒಂದು ಅಭ್ಯಾಸ. ದಾರಿಯಲ್ಲಿ ನಡೆಯುವಾಗ ಯಾರೂ ಹಿಂದೆ ತಿರುಗಿ ನೋಡರು. ಯಾಕೆ ನೋಡಬೇಕು? ಎತ್ತಿನ ಕೊರಳಲ್ಲಿ ಗಂಟೆ ಇದೆಯಲ್ಲ! ಘಣ ಘಣ ಅಂದರೆ ಪಕ್ಕಕ್ಕೆ ಸರಿಯೋದು. ಅನ್ನದಿದ್ದರೆ ಸುಮ್ಮನೆ ನಡೆಯೋದು.

ಆ ಊರಲ್ಲಿ ಒಂದು ಕೋಳಿ. ಹೆಸರು ಕೆಂಚಿ. ಕೆಂಚಿ ಇಪ್ಪತ್ತೊಂದು ದಿನ ಬುಟ್ಟಿಯಲ್ಲಿ ಕಾವು ಕೂತಿದ್ದಳು. ಆಚೆ ಈಚೆ ಹೋಗಲಿಲ್ಲ. ಏಳು ಮೊಟ್ಟೆ ಇತ್ತು. ಏಳು ಮರಿ ಆಯಿತು. ಇವತ್ತು ಹೊರಗೆ ಬಂದಳು.

ಮುಂದೆ ಕೆಂಚಿ, ಹಿಂದೆ ಏಳು ಮರಿ. ಚಿಂವ್ ಚಿಂವ್ ಚಿಂವ್. ದಾರಿಯ ಅಂಚಲ್ಲೇ ನಡೆದರು. ಗಂಟೆ ಕೇಳಿತಾ? ಇಲ್ಲ. ಕೆಂಚಿ ತಿರುಗಿ ನೋಡಿದಳಾ? ಇಲ್ಲ.

ಗಾಡಿ ಬಂದೇ ಬಿಟ್ಟಿತು! ಕೆಂಚಿ ರೆಕ್ಕೆ ಬಿಚ್ಚಿ ಮರಿಗಳನ್ನು ಆಚೆ ತಳ್ಳಿದಳು. ಏಳೂ ಉಳಿದವು. ಗಾಡಿಯ ಚಕ್ರ ಕೆಂಚಿಯ ಕಾಲ ಮೇಲೆ ಹರಿಯಿತು. ಬಲಗಾಲು. ನಡುಬೆರಳು. ಉಗುರು ಹೋಯಿತು.

ಒಂದು ಉಗುರು ತಾನೇ ಅಂತೀರಾ? ಕೋಳಿಗೆ ಉಗುರೇ ಗುದ್ದಲಿ. ಉಗುರಿಲ್ಲದೆ ಕೆದಕೋದು ಹೇಗೆ? ಕೆದಕದಿದ್ದರೆ ಹುಳ ಎಲ್ಲಿ? ಹುಳ ಇಲ್ಲದಿದ್ದರೆ ಏಳು ಮರಿ ತಿನ್ನೋದು ಏನು?

ಅದು ಒಂಟೆತ್ತಿನ ಗಾಡಿ. ತುಂಬ ರಾಗಿ ಚೀಲ. ಮೇಲೆ ದ್ಯಾವಣ್ಣ ಕೂತಿದ್ದ. ಕೆಂಚಿ ಕುಂಟುತ್ತ ಹೋದಳು.

“ದ್ಯಾವಣ್ಣ, ದ್ಯಾವಣ್ಣ!
ಗಾಡಿ ಹರೀತು, ಉಗುರು ಹೋಯ್ತು.
ತಪ್ಪು ಯಾರದೋ ಅವರು ಕೊಡಲಿ.
ಉಗುರಾದರೂ ಕೊಡು, ರಾಗಿಯಾದರೂ ಕೊಡು.
ಏಳು ಮರಿ, ಏಳು ಹೊಟ್ಟೆ!”

ದ್ಯಾವಣ್ಣ ಅಂದ, “ನಾನು ಸುಮ್ಮನೆ ಕೂತಿದ್ದೆ ಕಣವ್ವ. ಎಳೆದದ್ದು ಎತ್ತು. ಎತ್ತನ್ನ ಕೇಳು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಗಲಿ. ಕೆಂಚಿ ಗಾಡಿಯ ಮುಂದಕ್ಕೆ ಹೋದಳು. ಕುಂಟುತ್ತ ಕುಂಟುತ್ತ ಹೋದಳು. ಹಿಂದೆ ಏಳು ಮರಿ. ಚಿಂವ್ ಚಿಂವ್ ಚಿಂವ್.

“ಎತ್ತಣ್ಣ, ಎತ್ತಣ್ಣ!
ಗಾಡಿ ಹರೀತು, ಉಗುರು ಹೋಯ್ತು.
ಎತ್ತನ್ನ ಕೇಳು ಅಂದ ದ್ಯಾವಣ್ಣ.
ತಪ್ಪು ಯಾರದೋ ಅವರು ಕೊಡಲಿ.
ಉಗುರಾದರೂ ಕೊಡು, ರಾಗಿಯಾದರೂ ಕೊಡು.
ಏಳು ಮರಿ, ಏಳು ಹೊಟ್ಟೆ!”

ಎತ್ತು ಕೊರಳು ಆಡಿಸಿತು. ಗಂಟೆ ಇತ್ತು. ಸದ್ದು ಇರಲಿಲ್ಲ. “ನೋಡಿದೆಯಾ? ಒಳಗಿನ ಗುಂಡು ಬಿದ್ದುಹೋಗಿದೆ. ಗಂಟೆಗೆ ಗುಂಡಿಲ್ಲ. ಗುಂಡಿಲ್ಲದೆ ಘಣ ಘಣ ಎಲ್ಲಿ? ಗುಂಡು ಕಮ್ಮಾರ ಆಚಾರಪ್ಪನ ಹತ್ತಿರ ಇದೆ. ಅವನನ್ನ ಕೇಳು.”

ಕೆಂಚಿ ಕಮ್ಮಾರನ ಕುಲುಮೆಗೆ ಹೋದಳು. ಕುಂಟುತ್ತ ಕುಂಟುತ್ತ ಹೋದಳು. ಹಿಂದೆ ಏಳು ಮರಿ. ಚಿಂವ್ ಚಿಂವ್ ಚಿಂವ್.

“ಆಚಾರಪ್ಪ, ಆಚಾರಪ್ಪ!
ಗಾಡಿ ಹರೀತು, ಉಗುರು ಹೋಯ್ತು.
ಎತ್ತನ್ನ ಕೇಳು ಅಂದ ದ್ಯಾವಣ್ಣ.
ಗಂಟೆಗೆ ಗುಂಡಿಲ್ಲ ಅಂದ ಎತ್ತಣ್ಣ.
ತಪ್ಪು ಯಾರದೋ ಅವರು ಕೊಡಲಿ.
ಉಗುರಾದರೂ ಕೊಡು, ರಾಗಿಯಾದರೂ ಕೊಡು.
ಏಳು ಮರಿ, ಏಳು ಹೊಟ್ಟೆ!”

ಕಮ್ಮಾರ ಸುತ್ತಿಗೆ ಕೆಳಗಿಟ್ಟ. “ಗುಂಡು ಇಲ್ಲೇ ಇದೆ ತಾಯಿ. ಅದಕ್ಕೆ ಕೊಂಡಿ ಬೆಸೆಯಬೇಕು. ಬೆಸೆಯೋಕೆ ಬೆಂಕಿ ಬೇಕು. ಬೆಂಕಿಗೆ ಗಾಳಿ ಬೇಕು. ಗಾಳಿ ಊದೋಕೆ ತಿದಿ ಬೇಕು. ನೋಡು, ನನ್ನ ತಿದಿ ಹರಿದಿದೆ. ಚರ್ಮದ ಚೀಲ, ನಾನು ಹೊಲಿಯೋಕಾಗುತ್ತಾ? ಚಪ್ಪಲಿ ಹೊಲಿಯೋ ತಿಪ್ಪಣ್ಣನ್ನ ಕೇಳು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆಗಲಿ. ಕೆಂಚಿ ತಿಪ್ಪಣ್ಣನ ಜಗುಲಿಗೆ ಹೋದಳು. ಕುಂಟುತ್ತ ಕುಂಟುತ್ತ ಹೋದಳು. ಹಿಂದೆ ಏಳು ಮರಿ. ಚಿಂವ್. ಚಿಂವ್.

“ತಿಪ್ಪಣ್ಣ, ತಿಪ್ಪಣ್ಣ!
ಗಾಡಿ ಹರೀತು, ಉಗುರು ಹೋಯ್ತು.
ಎತ್ತನ್ನ ಕೇಳು ಅಂದ ದ್ಯಾವಣ್ಣ.
ಗಂಟೆಗೆ ಗುಂಡಿಲ್ಲ ಅಂದ ಎತ್ತಣ್ಣ.
ತಿದಿ ಹರಿದಿದೆ ಅಂದ ಆಚಾರಪ್ಪ.
ತಪ್ಪು ಯಾರದೋ ಅವರು ಕೊಡಲಿ.
ಉಗುರಾದರೂ ಕೊಡು, ರಾಗಿಯಾದರೂ ಕೊಡು.
ಏಳು ಮರಿ, ಏಳು ಹೊಟ್ಟೆ!”

ತಿಪ್ಪಣ್ಣ ಒಂದು ದಾರ ಎಳೆದು ತೋರಿಸಿದ. ಪಟ್! ತುಂಡಾಯಿತು. “ನೋಡಿದೆಯಾ ಕೆಂಚವ್ವ? ದಾರಕ್ಕೆ ಮೇಣವಿಲ್ಲ. ಮೇಣ ಉಜ್ಜದ ದಾರ ಚರ್ಮದಲ್ಲಿ ನಿಲ್ಲಲ್ಲ. ಮೇಣ ಜೇನಮ್ಮನದು. ಅವಳನ್ನ ಕೇಳು.”

ಕೆಂಚಿ ಜೇನು ಕಟ್ಟಿದ ಹೊಂಗೆಮರದ ಹತ್ತಿರ ಹೋದಳು. ಕುಂಟುತ್ತ ಕುಂಟುತ್ತ ಹೋದಳು. ಹಿಂದೆ ಆರು ಮರಿ. ಆರು? ಏಳನೆಯದು ದಾರಿಯಲ್ಲಿ ಕೂತುಬಿಟ್ಟಿತ್ತು. ಹೊಟ್ಟೆ ಹಸಿದಿತ್ತು. ಕೆಂಚಿ ಹಿಂದಕ್ಕೆ ಹೋದಳು, ಕೊಕ್ಕಲ್ಲಿ ಎಬ್ಬಿಸಿ ಕರಕೊಂಡು ಬಂದಳು. ಈಗ ಏಳು. ಚಿಂ. ಚಿಂ.

“ಜೇನಮ್ಮ, ಜೇನಮ್ಮ!
ಗಾಡಿ ಹರೀತು, ಉಗುರು ಹೋಯ್ತು.
ಎತ್ತನ್ನ ಕೇಳು ಅಂದ ದ್ಯಾವಣ್ಣ.
ಗಂಟೆಗೆ ಗುಂಡಿಲ್ಲ ಅಂದ ಎತ್ತಣ್ಣ.
ತಿದಿ ಹರಿದಿದೆ ಅಂದ ಆಚಾರಪ್ಪ.
ದಾರಕ್ಕೆ ಮೇಣವಿಲ್ಲ ಅಂದ ತಿಪ್ಪಣ್ಣ.
ತಪ್ಪು ಯಾರದೋ ಅವರು ಕೊಡಲಿ.
ಉಗುರಾದರೂ ಕೊಡು, ರಾಗಿಯಾದರೂ ಕೊಡು.
ಏಳು ಮರಿ, ಏಳು ಹೊಟ್ಟೆ!”

ಜೇನಮ್ಮ ರೆಕ್ಕೆ ಒದರಿದಳು. “ಹೂವಿಲ್ಲದೆ ಮೇಣ ಎಲ್ಲಿಂದ ತರಲಿ? ನನಗೆ ಹೂ ಕೊಡೋಳು ತಿಪ್ಪೆ ಪಕ್ಕದ ಕುಂಬಳದ ಬಳ್ಳಿ. ಈ ಸಲ ಒಂದು ಹೂವೂ ಬಿಟ್ಟಿಲ್ಲ. ಅವಳನ್ನ ಕೇಳು, ನನ್ನನ್ನ ಯಾಕೆ ಕೇಳ್ತೀಯ?”

ಕೆಂಚಿ ತಿಪ್ಪೆಗೆ ಹೋದಳು. ಕುಂಟುತ್ತ ಕುಂಟುತ್ತ ಹೋದಳು. ಹಿಂದೆ ಏಳು ಮರಿ. ಯಾವುದೂ ಚಿಂವ್ ಅನ್ನಲಿಲ್ಲ.

“ಬಳ್ಳಿಯವ್ವ, ಬಳ್ಳಿಯವ್ವ!
ಗಾಡಿ ಹರೀತು, ಉಗುರು ಹೋಯ್ತು.
ಎತ್ತನ್ನ ಕೇಳು ಅಂದ ದ್ಯಾವಣ್ಣ.
ಗಂಟೆಗೆ ಗುಂಡಿಲ್ಲ ಅಂದ ಎತ್ತಣ್ಣ.
ತಿದಿ ಹರಿದಿದೆ ಅಂದ ಆಚಾರಪ್ಪ.
ದಾರಕ್ಕೆ ಮೇಣವಿಲ್ಲ ಅಂದ ತಿಪ್ಪಣ್ಣ.
ಹೂವಿಲ್ಲ ಅಂದಳು ಜೇನಮ್ಮ.
ತಪ್ಪು ಯಾರದೋ ಅವರು ಕೊಡಲಿ.
ಉಗುರಾದರೂ ಕೊಡು, ರಾಗಿಯಾದರೂ ಕೊಡು.
ಏಳು ಮರಿ, ಏಳು ಹೊಟ್ಟೆ!”

ಬಳ್ಳಿ ಬಾಡಿ ಮಲಗಿತ್ತು. ಮಲಗಿದಲ್ಲಿಂದಲೇ ಹೇಳಿತು. “ನನ್ನ ಬುಡ ನೋಡು. ಮಣ್ಣು ಕಲ್ಲಾಗಿದೆ. ಬಚ್ಚಲ ನೀರು ಬರುತ್ತೆ, ಮೇಲೇ ಹರಿದು ಹೋಗುತ್ತೆ. ಬೇರಿಗೆ ಇಳಿಯಲ್ಲ. ಮುಂಚೆ ಹಿಂಗಿರಲಿಲ್ಲ. ದಿನಾ ಒಂದು ಕೋಳಿ ಬರೋಳು. ಬುಡ ಕೆದಕೋಳು. ಇಪ್ಪತ್ತೊಂದು ದಿನದಿಂದ ಬಂದಿಲ್ಲ. ಆ ಕೋಳಿಯನ್ನ ಕೇಳು.”

“ಎಂಥ ಕೋಳಿ?”

“ಕೆಂಚು ಕೋಳಿ.”

ಕೆಂಚಿ ತನ್ನ ರೆಕ್ಕೆ ನೋಡಿಕೊಂಡಳು. ಕೆಂಚು. ಬಾಲ ನೋಡಿಕೊಂಡಳು. ಅದೂ ಕೆಂಚು.

ಇನ್ನು ಯಾರನ್ನ ಕೇಳೋದು? ಕೇಳೋಕೆ ಉಳಿದವಳು ಒಬ್ಬಳೇ. ಕೆಂಚಿ ಕೆಂಚಿಯನ್ನೇ ಕೇಳಿದಳು, “ಕೆಂಚಿ, ಕೆಂಚಿ! ಉಗುರಾದರೂ ಕೊಡು, ರಾಗಿಯಾದರೂ ಕೊಡು.” ಕೆಂಚಿಯ ಹತ್ತಿರ ಉಗುರೂ ಇರಲಿಲ್ಲ, ರಾಗಿಯೂ ಇರಲಿಲ್ಲ.

“ನಾನು ಕಾವು ಕೂತಿದ್ದೆ ಕಣವ್ವ,” ಅಂದಳು ಬಳ್ಳಿಗೆ. “ಬೇಕು ಅಂತ ಬಿಟ್ಟದ್ದಲ್ಲ.”

“ಅದು ನನಗೆ ಹೇಗೆ ಗೊತ್ತಾಗಬೇಕು?” ಅಂದಿತು ಬಳ್ಳಿ.

ಕೆಂಚಿ ಕೆದಕಲು ನೋಡಿದಳು. ಎಡಗಾಲಿಗೆ ಉಗುರಿತ್ತು. ಎಡಗಾಲು ಎತ್ತಬೇಕಾದರೆ ಬಲಗಾಲ ಮೇಲೆ ನಿಲ್ಲಬೇಕು. ನಿಂತಳು. ಧೊಪ್! ಬಿದ್ದಳು. ಮತ್ತೆ ನಿಂತಳು. ಧೊಪ್! ಮತ್ತೆ ಬಿದ್ದಳು. ಕೆಂಚಿಗೆ ಅಳು ಬಂತು.

ಏಳನೆಯ ಮರಿ ಅಮ್ಮನನ್ನೇ ನೋಡುತ್ತಿತ್ತು. ಅದೇ, ದಾರಿಯಲ್ಲಿ ಕೂತಿತ್ತಲ್ಲ, ಆ ಮರಿ. ಅದೂ ಕಾಲೆತ್ತಿತು. ಪರ್! ಕಾಲು ಎಳೆಯಿತು. ಒಂದು ಚಿಟಿಕೆ ಮಣ್ಣು ಎದ್ದಿತು. ಮಣ್ಣಡಿ ಒಂದು ಹುಳ! ಗುಳುಂ.

“ಹೀಗಾ ಅಮ್ಮ?”

“ಹೀಗೇ ಕಂದ! ಎರಡು ಹೆಜ್ಜೆ ಹಿಂದೆ ಬಾ. ಮತ್ತೆ ಕೆರಿ.”

ಏಳೂ ಮರಿ ಶುರುಮಾಡಿದವು. ಪರ್ ಪರ್ ಪರ್. ಗುಳುಂ ಗುಳುಂ ಗುಳುಂ. ಏಳು ಹೊಟ್ಟೆ ತುಂಬಿತು. ಬುಡದ ಮಣ್ಣು ಸಡಿಲಾಯಿತು. ಬಚ್ಚಲ ನೀರು ಬಂತು. ಗಟ ಗಟ ಬೇರಿಗಿಳಿಯಿತು.

ಹೊಟ್ಟೆ ತುಂಬಿತಲ್ಲ ಅಂತ ಕೆಂಚಿ ಮನೆಗೆ ಹೋದಳಾ? ಹೋಗಲಿಲ್ಲ. ಹೊಟ್ಟೆ ಬೇರೆ, ನ್ಯಾಯ ಬೇರೆ. ಬಳ್ಳಿಯ ಬುಡದಲ್ಲೇ ಕೂತಳು. ದಿನಾ ಮರಿಗಳು ಕೆದಕಿದವು. ದಿನಾ ಕೆಂಚಿ ಕಾದಳು.

ಒಂದು ಬೆಳಗ್ಗೆ ಬಳ್ಳಿ ಹೂ ಬಿಟ್ಟಿತು. ಹಳದಿ ಹೂ, ಅಂಗೈ ಅಗಲ.

ಬಳ್ಳಿಯವ್ವ ಹೂ ಕೊಟ್ಟಳು ಜೇನಮ್ಮನಿಗೆ.
ಜೇನಮ್ಮ ಮೇಣ ಕೊಟ್ಟಳು ತಿಪ್ಪಣ್ಣನಿಗೆ.
ತಿಪ್ಪಣ್ಣ ದಾರಕ್ಕೆ ಮೇಣ ಉಜ್ಜಿದ, ಎಳೆದು ನೋಡಿದ, ದಾರ ತುಂಡಾಗಲಿಲ್ಲ. ತಿದಿ ಹೊಲಿದು ಕೊಟ್ಟ ಆಚಾರಪ್ಪನಿಗೆ.
ಆಚಾರಪ್ಪ ತಿದಿ ಒತ್ತಿದ. ಬುಸ್ ಬುಸ್! ಬೆಂಕಿ ಎದ್ದಿತು. ಗುಂಡಿಗೆ ಕೊಂಡಿ ಬೆಸೆದ, ಗಂಟೆಗೆ ಕಟ್ಟಿ ಕೊಟ್ಟ ಎತ್ತಣ್ಣನಿಗೆ.
ಎತ್ತಣ್ಣ ಕೊರಳು ಆಡಿಸಿದ. ಘಣ ಘಣ! ಘಣ ಘಣ!

ಕೆಂಚಿ ದಾರಿಗೆ ಬಂದಳು. ಹಿಂದೆ ಏಳು ಮರಿ. ಗಾಡಿ ನಿಂತಿತು. ಮೇಲೆ ದ್ಯಾವಣ್ಣ ನಗುತ್ತ ಕೂತಿದ್ದ.

“ಗಂಟೆಗೆ ಸದ್ದು ಬಂತಲ್ಲ ಕೆಂಚವ್ವ! ಇನ್ನು ಯಾರ ತಪ್ಪೂ ಇಲ್ಲ ಬಿಡು.”

ಕೆಂಚಿ ಬಿಡಲಿಲ್ಲ.

“ಬಳ್ಳಿಗೆ ಹೂವಿರಲಿಲ್ಲ, ಸರಿ.
ಜೇನಿಗೆ ಮೇಣವಿರಲಿಲ್ಲ, ಸರಿ.
ತಿಪ್ಪಣ್ಣನಿಗೆ ಗಟ್ಟಿ ದಾರವಿರಲಿಲ್ಲ, ಸರಿ.
ಆಚಾರಪ್ಪನ ತಿದಿ ಹರಿದಿತ್ತು, ಸರಿ.
ಎತ್ತಣ್ಣನ ಗಂಟೆಗೆ ಗುಂಡಿರಲಿಲ್ಲ, ಅದೂ ಸರಿ.
ನಿನಗೆ ಬಾಯಿತ್ತಲ್ಲ ದ್ಯಾವಣ್ಣ? ಒಂದು ಸಲ ‘ಹೋಯ್’ ಅನ್ನಬಾರದಾಗಿತ್ತಾ?”

ಎತ್ತು ದ್ಯಾವಣ್ಣನನ್ನು ನೋಡಿತು. ಏಳು ಮರಿ ಅವನನ್ನು ನೋಡಿದವು. ಅವನು ತನ್ನ ಕಾಲು ನೋಡಿಕೊಂಡ. ಹತ್ತು ಬೆರಳು, ಹತ್ತು ಉಗುರು.

ಗಾಡಿಯಿಂದ ಕೆಳಗಿಳಿದ. ಚೀಲ ಬಿಚ್ಚಿದ.

“ತಪ್ಪು ನಂದೇ ಕಣವ್ವ. ಉಗುರು ಕೊಡೋಕೆ ನನ್ನ ಕೈಲಾಗಲ್ಲ. ಅದು ಬರೋ ತನಕ ದಿನಾ ಒಂದು ಬೊಗಸೆ ರಾಗಿ ಕೊಡ್ತೀನಿ.”

ಕೊಟ್ಟನಾ? ಕೊಟ್ಟ. ದಿನಾ ಗಾಡಿ ನಿಲ್ಲಿಸಿ ಕೊಟ್ಟ. ಬೊಗಸೆ ರಾಗಿ ನೆಲಕ್ಕೆ ಬಿತ್ತು. ಕೆಂಚಿಯೂ ತಿಂದಳು, ಮರಿಗಳೂ ತಿಂದವು. ದಿನ ಕಳೆಯಿತು. ಗಾಯ ಮಾಯಿತು. ಒಂದು ದಿನ ಬಲಗಾಲಿನ ನಡುಬೆರಳಲ್ಲಿ ಏನೋ ಬೆಳ್ಳಗೆ ಕಂಡಿತು. ಅಕ್ಕಿ ಕಾಳಿನಷ್ಟು. ಉಗುರು! ಇನ್ನಷ್ಟು ದಿನಕ್ಕೆ ಅದು ಪೂರಾ ಬೆಳೆಯಿತು.

ಅವತ್ತು ಬೆಳಗ್ಗೆ ಕೆಂಚಿ ದಾರಿಗೆ ಬಂದಳು. ಹಿಂದೆ ಏಳು ಮರಿ. ಕುಂಟಲಿಲ್ಲ. ದಾರಿಯ ಅಂಚಲ್ಲೇ ನಡೆದಳು. ಹಿಂದಿನಿಂದ ಘಣ ಘಣ ಕೇಳಿತು. ಅದರ ಜೊತೆಗೆ ಇನ್ನೊಂದು ಸದ್ದೂ ಕೇಳಿತು.

“ಹೋಯ್! ಕೆಂಚವ್ವ! ಗಾಡಿ ಬಂತು!”

ಕೆಂಚಿ ಪಕ್ಕಕ್ಕೆ ಸರಿದಳು. ಸರಿದು ನಿಂತು ಈ ಸಲ ತಿರುಗಿ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಏಳನೆಯದು?

ಏಳನೆಯದು ದಾರಿಯಲ್ಲಿ ಹಿಂದುಳಿದು ಗಾಡಿ ಹತ್ತಿತ್ತು. ದ್ಯಾವಣ್ಣನ ಪಕ್ಕದಲ್ಲಿ, ರಾಗಿ ಚೀಲದ ಮೇಲೆ ಕೂತಿತ್ತು. ಅದೂ ಕೂಗುತ್ತಿತ್ತು, “ಚಿಂವ್! ಚಿಂವ್! ಗಾಡಿ ಬಂತು!”

ಗಾಡಿ ಸಂತೆಗೆ ಹೋಯಿತು. ಕೋಳಿ ತಿಪ್ಪೆಗೆ ಹೋಯಿತು. ನೀವಿನ್ನು ಕಾಲು ಚಾಚಿ. ಗಾಡಿ ದೂರ ಹೋಯಿತು.