ಮುಗಿಲ ಕಲ್ಲಿಗೆ ಹುತ್ತದ ಹಾಲು

ಮುಗಿಲಿಂದ ಬಿದ್ದ ಕಲ್ಲೊಂದು, ತಾನೇ ತೋಡಿದ ಮಹಾಗುಂಡಿಯ ತಳದಲ್ಲಿ, ದೇವರ ಇಚ್ಛೆಯಂತೆ ಯುಗಯುಗಗಳ ಮಣ್ಣಿನಡಿ ಹೂತುಹೋಗಿತ್ತು. ಅದರ ಬಿರುಕಿನಾಚೆ ನೀರಿತ್ತು. ಗೆದ್ದಲವ್ವ ಮಕ್ಕಳಿಗೆಂದು ನೀರಿಗೆ ಬಂದಾಗಲೆಲ್ಲ ಕಲ್ಲು ಬಿರುಕನ್ನು ಬಿಗಿದುಕೊಳ್ಳುತ್ತಿತ್ತು.

“ಮೊದಲು ನನ್ನ ಮೇಲಿನ ಮಣ್ಣು ತೆಗೆ. ನಾನು ಬಿದ್ದಾಗ ಭೂಮಿಯೇ ನಡುಗಿತ್ತು. ನನ್ನ ಗುಂಡಿಯನ್ನು ಜಗತ್ತು ನೋಡಲಿ!”

“ನೂರು ಸಲ ಕೇಳಿದ್ದೇನೆ ಮಾರಾಯ,” ಎಂದು ಗೊಣಗುತ್ತ ಗೆದ್ದಲವ್ವ ಕಣಕಣವಾಗಿ ಮಣ್ಣು ಹೊತ್ತು ಮೇಲೆ ಹಾಕಿದಳು. ಅಲ್ಲೊಂದು ಹುತ್ತ ಬೆಳೆಯಿತು. ನಾಗರಪಂಚಮಿಯ ದಿನ ಹೆಂಗಸರು ಬಂದು ಅದಕ್ಕೆ ಹಾಲೆರೆದರು.

ಕಲ್ಲು ಕೆರಳಿತು. “ತೆಗೆ ಎಂದರೆ ನನ್ನ ತಲೆಯ ಮೇಲೇ ಪೇರಿಸಿದೆಯಾ? ಮುಗಿಲಿಂದ ಬಂದವನು ನಾನು, ಪೂಜೆ ಮಾತ್ರ ಮಣ್ಣಿಗೆ!”

“ತೆಗೆದ ಮಣ್ಣನ್ನು ನಿನ್ನ ಮುಗಿಲಿಗೆ ಒಯ್ದು ಸುರಿಯಲೇನಯ್ಯ? ಗೂಡಿನಲ್ಲಿ ನನ್ನ ಮಕ್ಕಳು ಒಣಗುತ್ತಿದ್ದಾರೆ, ದಾರಿ ಬಿಡು!”

ಅಷ್ಟರಲ್ಲಿ ಹುತ್ತಕ್ಕೆರೆದ ಹಾಲು ಅವಳು ಕೊರೆದ ದಾರಿಯಲ್ಲೇ ಇಳಿದು ಬಂದು ಕಲ್ಲಿನ ನೆತ್ತಿಯನ್ನು ನೆನೆಸಿತು.

“ಇದು... ನನಗೋ?”

“ದೇವರು ಕೊಡುವುದು ಮಣ್ಣಿನಡಿಗೂ ಬರುತ್ತದೆ ಕಣಯ್ಯ. ಅದಕ್ಕೆ ಇಷ್ಟು ಕೂಗಬೇಕಿರಲಿಲ್ಲ.”

ಕಲ್ಲು ಬಿರುಕು ಸಡಿಲಿಸಿತು. ಗೆದ್ದಲವ್ವ ಬಾಯಿ ತುಂಬ ನೀರು ಹಿಡಿದು ಮಕ್ಕಳತ್ತ ಓಡಿದಳು.